ಉಪ್ಪಿನ ಗೋಡೆಯ ಕ್ರಿಯಾಪದ

ನಾನು ಬೋರ್ಡು ಬರೆಯುವವಳು. ನಮ್ಮೂರಿನ ಯಾವ ಅಂಗಡಿಯ ಮುಂದೆ ನಿಂತು ತಲೆ ಎತ್ತಿದರೂ ನನ್ನ ಕೈಬರಹವೇ ಕಾಣುತ್ತದೆ. ಪೇಂಟರ್ ಪುಟ್ಟತಾಯಮ್ಮ ಅಂದರೆ ಸಾಕು, ಮನೆ ಬಾಗಿಲ ತನಕ ಬಂದು ಬಿಟ್ಟುಹೋಗುವ ಜನ. ಅಪ್ಪನದೂ ಇದೇ ಕೆಲಸ. ಅವನು ಏಣಿಯ ಮೇಲೆ ನಿಂತು ಅಕ್ಷರದ ಅಂಚು ಎಳೆಯುತ್ತಿದ್ದ, ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಒಳಗೆ ಬಣ್ಣ ತುಂಬುತ್ತಿದ್ದೆ. ಹಾಗಾಗಿ ಇಂಗ್ಲಿಷು ನನಗೆ ಮೊದಲು ಆಕಾರವಾಗಿ ಬಂತು, ಆಮೇಲೆ ಸದ್ದಾಗಿ ಬಂತು, ಅರ್ಥವಾಗಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ನಾಲ್ಕನೇ ಕ್ಲಾಸು ದಾಟದ ಹೆಂಗಸಿಗೆ ಇಷ್ಟು ಇಂಗ್ಲಿಷು ಹೇಗೆ ಬಂತು ಎಂದು ಹೊರಗಿನವರು ಯಾರಾದರೂ ಕೇಳಿದರೆ ಎದುರು ಅಂಗಡಿಯ ಇಡ್ಲಿ ಗೌರಕ್ಕ ನನ್ನ ಪರವಾಗಿ ಉತ್ತರ ಕೊಡುತ್ತಿದ್ದಳು. "ಭಯಕ್ಕೆ ಬಂತು ಕಣಪ್ಪ. ನಮ್ಮೂರಲ್ಲಿ ಯಾರು ಏನ್ ಕಲ್ತಿದ್ರೂ ಭಯಕ್ಕೇ ಕಲ್ತಿರಾದು."

ಗೌರಕ್ಕ ಹೇಳುತ್ತಿದ್ದದ್ದು ಗೋಡೆಯ ಭಯ. ಹಳೇ ಕಚೇರಿಯ ಪಡುವಣ ಗೋಡೆ ಅದು. ವರ್ಷಕ್ಕೊಮ್ಮೆ ಚಳಿ ಹಿಂದೆ ಸರಿದು ಗೋಡೆ ಒಣಗತೊಡಗಿದಾಗ ಅದರ ಗಾರೆಯೊಳಗಿಂದ ಉಪ್ಪು ಮೇಲೆ ಬರುತ್ತದೆ. ಹಳೇ ಗೋಡೆಗಳಿಗೆಲ್ಲ ಬರುತ್ತದೆ, ಅದರಲ್ಲೇನಿಲ್ಲ. ನಮ್ಮ ಗೋಡೆಗೆ ಅದು ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ. ಒಂದೇ ಒಂದು ಪದ, ಅದೂ ಕ್ರಿಯಾಪದ, ಇಂಗ್ಲಿಷಿನವರೇ ಮರೆತುಬಿಟ್ಟ ಯಾವುದೋ ಕ್ರಿಯಾಪದ. ಮೊದಲ ಅಕ್ಷರ ಕಂಡ ದಿನದಿಂದ ಒಂಬತ್ತನೇ ದಿನ ಸೂರ್ಯ ಮುಳುಗುವುದರೊಳಗೆ ಅದರ ಕೆಳಗೆ ಕಪ್ಪು ಎನಾಮಲ್‌ನಲ್ಲಿ ಮೂರು ಸಾಲು ಬರೆಯಬೇಕು. ಪದದ ಅರ್ಥ ಒಂದು ಸಾಲು, ಅದು ಹುಟ್ಟಿದ ಮೂಲ ಒಂದು ಸಾಲು, ಬಳಕೆ ಒಂದು ಸಾಲು. ಬಳಕೆಯ ಸಾಲಿನಲ್ಲಿ ಯಾರ ಹೆಸರಿರುತ್ತದೋ ಅವರು ಆ ಕೆಲಸ ಮಾಡುತ್ತಾರೆ. ಬರೆಯದೆ ಬಿಟ್ಟರೆ ಮುಂದಿನ ಪದ ಬರುವ ತನಕ ಇಡೀ ಊರು ಮಾಡುತ್ತದೆ.

ಇಡೀ ಊರು ಮಾಡಿದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಆಗ ನನಗೆ ಒಂಬತ್ತು ವರ್ಷ. ಬಂದ ಪದ ಡ್ವೈನ್. ಅಪ್ಪನ ಹತ್ತಿರ ಇದ್ದದ್ದು ಶಾಲೆಯ ಸಣ್ಣ ಡಿಕ್ಷನರಿ, ಅದರಲ್ಲಿ ಆ ಪದವೇ ಇರಲಿಲ್ಲ. ಸೊರಗು, ದಿನದಿನಕ್ಕೆ ಕರಗು ಅನ್ನುವುದಕ್ಕೆ ಅದು ಹಳೇ ಮಾತು ಎಂದು ಯಾರೋ ಪಾದ್ರಿಯ ಹತ್ತಿರ ಕೇಳಿಕೊಂಡು ಬರುವಷ್ಟರಲ್ಲಿ ಹತ್ತನೇ ದಿನ ಬೆಳಗಾಗಿತ್ತು. ಯಾರಿಗೂ ಜ್ವರವಿಲ್ಲ, ನೋವಿಲ್ಲ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೆವು. ಆದರೂ ಅಮ್ಮನ ಕೈಬಳೆ ಮೊಣಕೈ ತನಕ ಜಾರುತ್ತಿತ್ತು, ಅಪ್ಪ ಪಂಚೆಯ ಮೇಲೆ ಹುರಿ ಬಿಗಿದುಕೊಂಡು ಓಡಾಡುತ್ತಿದ್ದ. ಆ ವರ್ಷ ಹನ್ನೊಂದು ಜನರನ್ನು ಹೊತ್ತುಕೊಂಡು ಹೋದರು. ಹೊರುವವರಿಗೆ ಭಾರವೇ ಇರಲಿಲ್ಲವಂತೆ. ನನ್ನ ತಂಗಿಯನ್ನು ಅಪ್ಪ ಒಂದೇ ಕೈಯಲ್ಲಿ ಎತ್ತಿಕೊಂಡಿದ್ದ.

ಅದಾದ ಮೇಲೆ ಅಪ್ಪ ಮುಚ್ಚಿಹೋಗಿದ್ದ ಪ್ರವಾಸಿ ಮಂದಿರದ ಅಲಮಾರಿಯಿಂದ ದೊಡ್ಡ ಡಿಕ್ಷನರಿಯ ಸಂಪುಟಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಒಂದೊಂದನ್ನು ಎತ್ತುವುದಕ್ಕೂ ಎರಡು ಕೈ ಬೇಕು. ಮುಂದಿನ ವರ್ಷ ಹರ್ಕಲ್ ಎಂಬ ಪದ ಬಂದಾಗ ಎರಡೇ ದಿನದಲ್ಲಿ ಅರ್ಥ ಸಿಕ್ಕಿತು: ಕೈಕಾಲು ಮುದುರಿಕೊಂಡು ಕೂರು. ಊರೆಲ್ಲ ಉಸಿರು ಬಿಟ್ಟಿತು. ಬಳಕೆಯ ಸಾಲನ್ನು ಬರೆಯುವ ಗೌರವ ಹೆಡ್‌ಮಾಸ್ಟರಿಗೆ ಕೊಟ್ಟರು. ಅವರು ಮೂವತ್ತು ವರ್ಷ ಮಕ್ಕಳಿಗೆ ವಾಕ್ಯ ಹೇಳಿಕೊಟ್ಟ ಅಭ್ಯಾಸದಲ್ಲಿ, ಅದು ಯಾರಿಗೆ ತಗಲುತ್ತದೆಂದು ಯೋಚಿಸದೆ, ಕೈಗೆ ಬಂದ ಹೆಸರನ್ನೇ ಬರೆದರು. ರಾಮನು ಕೈಕಾಲು ಮುದುರಿಕೊಂಡು ಕುಳಿತನು. ಆಗ ನಮ್ಮೂರಲ್ಲಿ ಮೂವರು ರಾಮಂದಿರಿದ್ದರು. ಇಬ್ಬರು ತಮ್ಮ ತಮ್ಮ ಮನೆಯ ಜಗಲಿಯ ಮೇಲೆ ಮುದುರಿದರು. ಮೂರನೆಯವನು ಎಲ್ಲೋ ದೂರದ ಕಾರ್ಖಾನೆಗೆ ಸೇರಿ ಎಂಟು ವರ್ಷವಾಗಿತ್ತು, ಅವನು ಅಲ್ಲಿಯೇ ಮುದುರಿದ. ನಮ್ಮೂರ ನೀರು ಒಂದು ಗುಟುಕು ಕುಡಿದವರನ್ನೂ ಆ ಗೋಡೆ ಎಲ್ಲಿದ್ದರೂ ಬಿಡುವುದಿಲ್ಲ ಎಂದು ನಮಗೆ ಗೊತ್ತಾದದ್ದು ಹಾಗೆ. ಬರೆದದ್ದನ್ನು ಅಳಿಸಲು ಸೀಮೆಎಣ್ಣೆ ಹಾಕಿ ಉಜ್ಜಿದರು, ಉಳಿಯಿಂದ ಕೆತ್ತಿದರು. ಕೆತ್ತಿದಷ್ಟೂ ಅಕ್ಷರ ಒಳಗೊಳಗೆ ಇಳಿದಿತ್ತು. ಮೂವರೂ ಕೊನೆಯ ತನಕ ನೆಟ್ಟಗಾಗಲಿಲ್ಲ.

ಆಗ ಊರವರು ಸೇರಿ ಒಂದು ಉಪಾಯ ಮಾಡಿದರು. ಕೂಸನ್ನು ತೊಟ್ಟಿಲಿಗೆ ಹಾಕುವ ಮುಂಚೆ ರುಬ್ಬುವ ಗುಂಡನ್ನು ಹಾಕಿ ತೂಗುತ್ತೇವಲ್ಲ, ಹಾಗೆ ಒಂದು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿದರು. ಅದರ ಕಿವಿಯಲ್ಲಿ, ಅಂದರೆ ಕಿವಿ ಇರಬೇಕಾದ ಕಡೆ, ಮುದ್ದುರಂಗ ಎಂದು ಮೂರು ಸಲ ಹೇಳಿದರು. ಆದರೆ ಹೇಳಿದ ಮಾತ್ರಕ್ಕೆ ಹೆಸರು ಕೂರುವುದಿಲ್ಲ, ಯಾರಿಗೂ ಹಿಡಿಯದ ಹೆಸರು ಬರೆದರೆ ಬಣ್ಣ ಗೋಡೆಯ ಮೇಲೆ ನಿಲ್ಲದೆ ಜಾರುತ್ತದೆ. ಒಂದು ವರ್ಷ ಪೂರ್ತಿ ಸರದಿ ಪ್ರಕಾರ ಒಂದೊಂದು ಮನೆಯವರು ಅದನ್ನು ಊಟಕ್ಕೆ ಕರೆದರು. ಬಾರೋ ಮುದ್ದುರಂಗ, ಮುದ್ದೆ ಆರ್ತಾ ಐತೆ. ಹೀಗೆ ಕರೆದು ಕರೆದು ಹೆಸರು ಕಲ್ಲಿಗೆ ಹಿಡಿಯಿತು. ಅಂದಿನಿಂದ ನಮ್ಮೂರಲ್ಲಿ ಯಾವ ಮಗುವಿಗೂ ಆ ಹೆಸರಿಲ್ಲ. ಆ ಕಲ್ಲು ಗೋಡೆಯ ಬುಡದಲ್ಲಿ ಕೂತು, ಬಂದ ಕ್ರಿಯಾಪದಗಳನ್ನೆಲ್ಲ ತಾನೇ ಮಾಡಿಕೊಂಡು ಬಂತು. ಗ್ರೋಕ್ ಎಂದು ಬಂದ ವರ್ಷ, ಅಂದರೆ ಉಣ್ಣುವವರ ಎಲೆಯನ್ನೇ ಆಸೆಯಿಂದ ನೋಡುತ್ತ ಕೂರುವುದು, ಬೆಳಗಾಗುವಷ್ಟರಲ್ಲಿ ಕಲ್ಲು ಗೌರಕ್ಕನ ಇಡ್ಲಿ ಅಂಗಡಿಯ ಕಡೆ ತಿರುಗಿ ಕೂತಿತ್ತು. ಫಜಲ್ ಎಂದು ಬಂದ ವರ್ಷ, ಅಂದರೆ ಕೆಲಸ ಮಾಡುವ ಹಾಗೆ ನಟಿಸುತ್ತ ಏನೂ ಮಾಡದಿರುವುದು, ಗೌರಕ್ಕ ಇಡ್ಲಿ ತಟ್ಟೆ ಇಳಿಸುತ್ತ ಹೇಳಿದಳು, "ಇದ್ನ ಬರೀದೇ ಬುಟ್ಟಿದ್ರೂ ಪುರಸಭೇಲಿ ಯಾರ್ಗೂ ಯತ್ವಾಸ ಗೊತ್ತಾಯ್ತಿರ್ಲಿಲ್ಲ." ಇಷ್ಟು ವರ್ಷ ನಾವು ನಕ್ಕಿದ್ದರೆ ಆ ಕಲ್ಲಿನ ಪುಣ್ಯದಿಂದ ನಕ್ಕೆವು.

ಕಳೆದ ಚಳಿಗಾಲದಲ್ಲಿ ವಿದ್ಯುತ್ ಕಚೇರಿಗೆ ಹೊಸ ಲೈನ್‌ಮನ್ ಬಂದ. ನನ್ನ ಮನೆಯ ಮುಂದಿನ ಕೋಣೆ ಖಾಲಿ ಇತ್ತು, ಕೇಳಿಕೊಂಡು ಬಂದ. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಕಂಬ ಹತ್ತಿ ಹತ್ತಿ ಅಂಗಾಲು ಒಳಮುಖವಾಗಿ ಬಾಗಿತ್ತು. ಬಾಗಿಲಲ್ಲಿ ನಿಂತು ನೀರು ಕೇಳಿದ. ಕೊಟ್ಟೆ. ಅವನು ಕುಡಿದು ಚೊಂಬು ಕೆಳಗಿಟ್ಟ ಮೇಲೆ ಹೆಸರು ಕೇಳಿದೆ. ಮೊದಲು ಹೆಸರು ಕೇಳಿ ಆಮೇಲೆ ನೀರು ಕೊಡಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

"ಮುದ್ದುರಂಗ ಅಂತಾರೆ ಕಣಮ್ಮ. ನಮ್ ತಾತನ ಹೆಸ್ರು."

"ಇನ್ನೊಂದ್ ಹೆಸ್ರು ಗಿಸ್ರು ಏನಾದ್ರೂ ಐತಾ ಮಗ?"

"ಇದೊಂದನ್ನೇ ಹೊತ್ಕಂಡು ತಿರುಗಾದು ಸಾಕಾಗೈತೆ ಬುಡಿ," ಎಂದು ನಕ್ಕ. "ಸ್ಕೂಲಲ್ಲಿ ಮುದ್ದೆರಂಗ ಮುದ್ದೆರಂಗ ಅಂತ ರೇಗಿಸ್ತಿದ್ರು."

ಎರಡೇ ದಿನದಲ್ಲಿ ಊರಿಗೆಲ್ಲ ಗೊತ್ತಾಯಿತು. ಯಾರೂ ಅವನಿಗೆ ಏನೂ ಹೇಳಲಿಲ್ಲ. ಆದರೆ ಅವನು ಕಂಬ ಹತ್ತಿದರೆ ಕೆಳಗೆ ನಾಲ್ಕು ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಮುದುಕಿಯರು ಬಂದು ಅವನ ಗಲ್ಲ ಮುಟ್ಟಿ ಹೋಗುತ್ತಿದ್ದರು. ಗೌರಕ್ಕ ಅವನಿಗೆ ನಾಲ್ಕು ಇಡ್ಲಿ ಕೇಳಿದರೆ ಆರು ಹಾಕುತ್ತಿದ್ದಳು. ಅವನಿಗೆ ಊರು ಬಹಳ ಹಿಡಿಸಿಬಿಟ್ಟಿತು. ಸಂಜೆ ನನ್ನ ಕುಂಚ ತೊಳೆದು ಕೊಡುತ್ತ, "ಇಂತಾ ಜನಾನೇ ನಾನ್ ನೋಡಿಲ್ಲ ಅಮ್ಮೋರೆ," ಅನ್ನುತ್ತಿದ್ದ. "ಅರ್ಧ ದಿನ ಕರೆಂಟ್ ತೆಗುದ್ರೂ ಬೈಯಲ್ಲ. ದೇವೀರಿಗೆ ಕಾಗ್ದ ಬರ್ದಿವ್ನಿ, ಬಾ, ಇಲ್ಲೇ ಇದ್ದುಬುಡಾನ ಅಂತ." ದೇವೀರಿ ಅವನ ಹೆಂಡತಿ. ಏಳು ತಿಂಗಳ ಬಸುರಿ, ಅಮ್ಮನ ಮನೆಯಲ್ಲಿದ್ದಳು. ಅವಳ ಅಣ್ಣಂದಿರಿಗೆ ಇವನನ್ನು ಕಂಡರೆ ಆಗದು. ಇವನು ಒಂದು ದಿನ ಕೈಕೊಟ್ಟು ಓಡಿಹೋಗುವವನೇ ಎಂದು ಮದುವೆಯ ದಿನವೇ ಹೇಳಿದ್ದರಂತೆ. ಆ ಮಾತನ್ನು ಸುಳ್ಳು ಮಾಡಬೇಕೆಂಬುದೊಂದೇ ಅವನ ಹಟ.

ಗೋಡೆ ಒಣಗುವ ಮುಂಚೆ ಅವನಿಗೆ ಹೇಳಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಕಲ್ಲಿಗೊಂದು ಬೇರೆ ಹೆಸರಿಡೋಣವೆಂದರೆ ಒಂದು ವರ್ಷ ಬೇಕು. ಇವತ್ತು ಬೇಡ ನಾಳೆ, ನಾಳೆ ಬೇಡ ಹಬ್ಬ ಕಳೆಯಲಿ ಅಂತ ಮುಂದೂಡಿದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಗೋಡೆಯ ಮೇಲೆ ಎಲ್ ಅಕ್ಷರ ಬೆಳ್ಳಗೆ ಮೂಡಿತ್ತು.

ಮರುದಿನಕ್ಕೆ ಎ, ಟಿ. ಜನ ಹಾಲು ಹಾಕಿಸಿಕೊಳ್ಳುವ ಚೊಂಬು ಹಿಡಿದುಕೊಂಡೇ ಗೋಡೆಯ ಮುಂದೆ ನಿಂತಿದ್ದರು. "ಲೇಟ್ ಅಂತಿರ್ಬೇಕು, ನಮ್ಮೂರ ಬಸ್ಸಿನ ಹೆಸ್ರು," ಎಂದು ಯಾರೋ ಅಂದರು. ಒಂದಿಬ್ಬರು ನಕ್ಕರು, ನಗು ಅಲ್ಲೇ ನಿಂತುಹೋಯಿತು. ನಾಲ್ಕನೇ ದಿನ ಐ, ಬಿ, ಯು. ಐದನೇ ದಿನ ಪದ ಪೂರ್ತಿಯಾಯಿತು. ಲ್ಯಾಟಿಬ್ಯುಲೇಟ್. ಅಂಥ ಉದ್ದದ ಪದ ಹಿಂದೆ ಬಂದದ್ದೇ ಇಲ್ಲ. ಅರ್ಥ ಗೊತ್ತಿಲ್ಲದ ಪದವೊಂದು ತಲೆಯ ಮೇಲೆ ಕೂತಿದ್ದಾಗ ಮನುಷ್ಯರು ಹೇಗಾಗುತ್ತಾರೆ ಎಂಬುದನ್ನು ನೀವು ನೋಡಬೇಕು. ಕೆಮ್ಮು ಬಂದವನು ಇದೇ ಇರಬಹುದೇ ಅಂದುಕೊಳ್ಳುತ್ತಾನೆ. ಗಂಡ ಬೆನ್ನು ತುರಿಸಿಕೊಂಡರೆ ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತಾಳೆ. ತಾಯಂದಿರು ಮಕ್ಕಳನ್ನು ಸುಮ್ಮನೆ ಕರೆದು ಸುಮ್ಮನೆ ಕೂರಿಸಿಕೊಳ್ಳುತ್ತಾರೆ, ಏನೂ ಮಾಡಬೇಡ, ಹಾಗೇ ಇರು ಅನ್ನುತ್ತಾರೆ.

ಆ ದಿನ ಮಧ್ಯಾಹ್ನ ಮುದ್ದುರಂಗನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಗೋಡೆ, ತಂಗಿ, ರಾಮಂದಿರು, ಕಲ್ಲು, ಕುಡಿದ ನೀರು. ಮೊದಲು ನಕ್ಕ. ಆಮೇಲೆ ಮುದುಕಿಯರು ತನ್ನ ಗಲ್ಲ ಮುಟ್ಟಿ ಹೋದದ್ದು ನೆನಪಾಗಿರಬೇಕು, ಕೆನ್ನೆಯ ಮೇಲೆ ಕೈಯಿಟ್ಟುಕೊಂಡ. "ಅದಕ್ಕಾ ಆರಾರು ಇಡ್ಲಿ," ಅಂದ.

ಎಲ್ ಸಂಪುಟವನ್ನು ಇಬ್ಬರೂ ಸೇರಿ ಇಳಿಸಿದೆವು. ಗೆದ್ದಲು ಅದರ ನಡುಭಾಗದಲ್ಲಿ ಸುರಂಗ ಕೊರೆದಿತ್ತು. ಪುಟ ತಿರುವಿದರೆ ಅಕ್ಷರಗಳು ಪುಡಿಯಾಗಿ ತೊಡೆಯ ಮೇಲೆ ಉದುರುತ್ತಿದ್ದವು. ಅವನು ಟಾರ್ಚು ಹಿಡಿದ, ನಾನು ಕೋಳಿಪುಕ್ಕದಲ್ಲಿ ಧೂಳು ಸರಿಸುತ್ತ ಹೋದೆ. ಏಳನೇ ದಿನ ಸಾಯಂಕಾಲ ಸಿಕ್ಕಿತು. ಸುರಂಗದ ಅಂಚಿಗೇ ಇತ್ತು, ಇನ್ನೊಂದು ನಾಲ್ಕು ದಿನ ಬಿಟ್ಟಿದ್ದರೆ ಗೆದ್ದಲಿನ ಹೊಟ್ಟೆಗೆ ಹೋಗುತ್ತಿತ್ತು. ಅರ್ಥ: ಮೂಲೆಯೊಂದರಲ್ಲಿ ಯಾರಿಗೂ ಕಾಣದಂತೆ ಅಡಗಿ ಕೂರು. ಮೂಲ: ಲ್ಯಾಟಿನ್ ಭಾಷೆಯ ಲ್ಯಾಟಿಬ್ಯುಲಮ್, ಅಂದರೆ ಅಡಗುವ ಜಾಗ, ಪ್ರಾಣಿಯ ಗುಹೆ, ಬಿಲ. ಅದರ ಹಿಂದಿನದು ಲ್ಯಾಟೇರೆ, ಮರೆಯಾಗಿರು. ಬಳಕೆಯ ಕಡೆಗೆ ಬಂದರೆ ಅಲ್ಲಿ ಏನೂ ಇರಲಿಲ್ಲ. ಗೆದ್ದಲು ತಿಂದದ್ದಲ್ಲ, ಇರಲೇ ಇಲ್ಲ. ನಾನೂರು ವರ್ಷಗಳ ಹಿಂದಿನ ಯಾವುದೋ ಪದಪಟ್ಟಿಯಲ್ಲಿ ಇದೆ ಎಂದಿತ್ತು, ಅಷ್ಟೇ. ಆ ಪದವನ್ನು ಪಟ್ಟಿಗೆ ಸೇರಿಸಿದ್ದರು, ಬಾಯಲ್ಲಿ ಆಡಿದವರ ಗುರುತು ಇರಲಿಲ್ಲ. ಪದವೇ ಒಂದು ಮೂಲೆಯಲ್ಲಿ ನಾನೂರು ವರ್ಷ ಅಡಗಿ ಕೂತಿತ್ತು.

"ಮೂಲೇಲಿ ಅವಿತ್ಕಳಾದು," ಎಂದ ಮುದ್ದುರಂಗ. ಅವನ ದನಿಯಲ್ಲಿ ಒಂದಿಷ್ಟು ಹಗುರವಾದದ್ದು ಕೇಳಿಸಿತು. "ಎಷ್ಟ್ ದಿನ?"

"ಬರೆದ್ರೆ ಅಳ್ಸಕಾಗಲ್ಲ ಮಗ."

"ಹುಡ್ಕುದ್ರೆ ಸಿಗ್ತೀನಲ್ಲ?"

"ಸಿಗ್ದಂಗೆ ಅವಿತ್ಕಳಾದು ಅಂತ ಐತೆ."

ಟಾರ್ಚು ಆರಿಸಿದ. "ದೇವೀರಿ ಶನಿವಾರ ಹನ್ನೊಂದೂವರೆ ಬಸ್ಸಿಗೆ ಬತ್ತಾಳೆ," ಅಂದ. ಒಂಬತ್ತನೇ ದಿನ ಗುರುವಾರಕ್ಕೆ ಬೀಳುತ್ತಿತ್ತು.

ಅರ್ಥ ತಿಳಿದ ಕೂಡಲೇ ಊರಿಗೆ ಜೀವ ಬಂತು. ಸೊರಗುವುದಲ್ಲ, ಮುದುರುವುದಲ್ಲ, ಬರೀ ಮೂಲೆಯಲ್ಲಿ ಕೂರುವುದು. ಎಂಟನೇ ದಿನ ಅರ್ಥದ ಸಾಲನ್ನೂ ಮೂಲದ ಸಾಲನ್ನೂ ಬರೆದು ಮುಗಿಸಿದೆ. ಒಂಬತ್ತನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಏಣಿ ಹಾಕಿಕೊಂಡು ನಿಂತಾಗ ಗೋಡೆಯ ಮುಂದೆ ಇನ್ನೂರು ಜನ. ಎಲ್ಲರ ಮುಂದೆ ಮಿಲ್ ಷಣ್ಮುಖಪ್ಪ. ಅಕ್ಕಿ ಗಿರಣಿ ಅವರದು, ಪುರಸಭೆಯಲ್ಲಿ ಅವರು ಹೇಳಿದ್ದೇ ಮಾತು. ಕೆಟ್ಟವರಲ್ಲ. ಡ್ವೈನ್ ವರ್ಷ ಅವರ ಮನೆಯಿಂದ ಮೂವರು ಹೋಗಿದ್ದರು, ಅಂದಿನಿಂದ ಗೋಡೆಯ ವಿಷಯದಲ್ಲಿ ಅವರಿಗೆ ತಾಳ್ಮೆ ಇರಲಿಲ್ಲ.

"ಬರೀರಿ ಪುಟ್ಟತಾಯಮ್ಮ. ಹೊತ್ತಾಯ್ತಾ ಇದೆ."

"ಯಾರ ಹೆಸ್ರು ಬರೀಲಿ ಷಣ್ಮುಖಪ್ಪನೋರೆ?"

"ಯಾರ್ದು ಅಂದ್ರೆ? ಯಾವಾಗ್ಲೂ ಬರೆಯೋ ಹೆಸ್ರೇ. ನಾವೇನು ಆ ಹುಡುಗನ ಹೆಸ್ರು ಬರೀರಿ ಅಂತಿಲ್ಲ. ಕಲ್ಲಿನ ಹೆಸ್ರು ಬರೀತಿದೀವಿ. ಅದು ಅವನಿಗೂ ಇದ್ರೆ ನಾವೇನ್ ಮಾಡಕ್ಕಾಗುತ್ತೆ?"

"ಮೂರ್ ಜನ ರಾಮಂದಿರಿಗೂ ಹಂಗೇ ಹೇಳಿದ್ರಂತೆ."

"ನೋಡಮ್ಮ, ಮೂಲೇಲಿ ಕೂರೋದು ತಾನೇ. ಊಟ ಅಲ್ಲಿಗೇ ಕೊಡೋಣ. ಸಂಬಳ ಬರೋ ಹಾಗೆ ನಾನ್ ಮಾತಾಡ್ತೀನಿ. ಸಾಯೋದಂತೂ ಅಲ್ವಲ್ಲ."

"ಸಾಯಾದಲ್ಲ ಅಂದ್ಮೇಲೆ ನಿಮ್ಮ ಹೆಸ್ರೇ ಬರ್ದ್‌ಬುಡ್ಲಾ?"

ಅವರು ಗಡಿಯಾರ ನೋಡಿಕೊಂಡರು. ನಾನು ಅವರ ಹಿಂದೆ ನಿಂತವರ ಕಡೆ ನೋಡಿದೆ. ಒಬ್ಬೊಬ್ಬರ ಹೆಸರನ್ನೂ ಕೂಗಿ ಕೇಳಿದೆ. ನಿಂದು ಬರೀಲಾ, ನಿಂದು ಬರೀಲಾ. ಕೂಗಿಸಿಕೊಂಡವರು ಪಕ್ಕದವರ ಹಿಂದೆ ಸರಿದರು. ಗೌರಕ್ಕನ ಹೆಸರು ಕೂಗಿದೆ. ನಲವತ್ತು ವರ್ಷದ ಸ್ನೇಹ. "ನನ್ನನ್ನ ಕೇಳ್ಬ್ಯಾಡ ಕಣೆ ತಾಯಿ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆ ಹೊತ್ತಿಗೆ ಮುದ್ದುರಂಗ ಬಂದ. ಕೆಲಸದ ಬೆಲ್ಟು ಸೊಂಟದಲ್ಲೇ ಇತ್ತು, ಯಾವುದೋ ಕಂಬದಿಂದ ಸೀದಾ ಇಳಿದು ಬಂದಿದ್ದ. ಜನ ಅವನಿಗೆ ದಾರಿ ಬಿಟ್ಟರು. ಏಣಿಯ ಬುಡ ಹಿಡಿದುಕೊಂಡು ಮೇಲೆ ನೋಡಿದ. ದೊಡ್ಡ ದೊಡ್ಡ ಮಾತೇನೂ ಆಡಲಿಲ್ಲ. "ಅವ್ಳಣ್ಣಂದಿರು ಅಂದಿದ್ದು ನಿಜ ಆಗೋಯ್ತದೆ ಅಮ್ಮೋರೆ," ಅಂದ. "ಶನಿವಾರ ಅವ್ಳು ಬಂದಾಗ ನಾನಿರಲ್ಲ. ಅಷ್ಟೇ ನಂಗೆ."

ಆಗ ನನ್ನ ಹೆಸರನ್ನೇ ಬರೆಯಬಹುದಿತ್ತು. ಗಂಡ ತೀರಿ ಹದಿನೈದು ವರ್ಷ, ಮಕ್ಕಳಿಲ್ಲ, ನಾನು ಮೂಲೆ ಸೇರಿದರೆ ಅಳುವುದಕ್ಕೆ ಗೌರಕ್ಕ ಒಬ್ಬಳು. ಬರೆಯಲು ಕುಂಚ ಎತ್ತಿದೆ ಎಂದು ಹೇಳಿದರೆ ನೀವು ನಂಬುತ್ತೀರಿ. ಎತ್ತಲಿಲ್ಲ. ಕತ್ತಲೆ ಮೂಲೆ, ಯಾರ ದನಿಯೂ ಇಲ್ಲ, ನಾನು ಯಾರಿಗೂ ಇಲ್ಲ ಎಂದು ನೆನೆದಾಗ ಏಣಿಯ ಒಂದು ಮೆಟ್ಟಿಲು ಕೆಳಗಿಳಿದೆ. ಕೆಳಗೆ ಏಣಿ ಹಿಡಿದವನಿಗೆ ಅದು ತಿಳಿದಿರಬೇಕು. ಅವನು ಇನ್ನೂ ಬಿಗಿಯಾಗಿ ಹಿಡಿದ.

ಬಿಸಿಲು ಗೋಡೆಯಿಂದ ಕೆಳಗಿಳಿಯುತ್ತಿತ್ತು. ಹಾಗೆ ನಿಂತಿದ್ದಾಗ ನನಗೊಂದು ಜಾಣತನ ಹೊಳೆಯಿತು. ಕಲ್ಲು ಇಷ್ಟು ವರ್ಷ ನಮ್ಮನ್ನು ಕಾಪಾಡಿದ್ದು ಯಾಕೆ? ಅದು ಕಲ್ಲಾದ್ದರಿಂದ. ಕಲ್ಲಿಗೆ ಏನು ಮಾಡಿದರೂ ನೋವಿಲ್ಲ. ಬಳಕೆಯ ಸಾಲಿನಲ್ಲಿ ಮನುಷ್ಯನೇ ಇರಬೇಕೆಂದು ಯಾರು ಹೇಳಿದರು? ಒಂದು ವರ್ಷ ಕರೆದರೆ ಹೆಸರು ಹಿಡಿಯುತ್ತದೆ ಅಂದರೆ, ಮುನ್ನೂರು ನಾನೂರು ವರ್ಷದಿಂದ ಎಲ್ಲರೂ ಕರೆದುಕೊಂಡು ಬಂದ ಹೆಸರೊಂದಿದೆ. ಅದೂ ಕಲ್ಲು, ಮಣ್ಣು, ಗೋಡೆ, ಹೆಂಚೇ. ಅದಾಗಲೇ ಬಸ್ಸಿನ ದಾರಿಯ ಕೊನೆಗೆ, ತಾಲೂಕಿನ ಒಂದು ಮೂಲೆಯಲ್ಲಿ ಇದೆ. ಅದು ಎದ್ದು ಇನ್ನೆಲ್ಲಿಗೆ ಹೋದೀತು? ಕುಂಚ ಅದ್ದಿದೆ. ಊರಿನ ಹೆಸರ ಮೊದಲ ಅಕ್ಷರ ಬರೆದೆ. ಉಪ್ಪಿನ ಮೇಲೆ ಬಣ್ಣ ನಿಂತಿತು, ಜಾರಲಿಲ್ಲ. ಪೂರ್ತಿ ಬರೆದೆ. ನಮ್ಮೂರು ಮೂಲೆಯಲ್ಲಿ ಅಡಗಿ ಕುಳಿತಿದೆ ಎಂದು, ಊರಿನ ಹೆಸರು ಹಾಕಿ, ನನ್ನ ಜೀವಮಾನದಲ್ಲೇ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದೆ.

ಕೆಳಗೆ ಜನ ಕತ್ತೆತ್ತಿ ಓದಿದರು. ಆಮೇಲೆ ಷಣ್ಮುಖಪ್ಪನವರೇ ಮೊದಲು ನಕ್ಕರು. "ಎಲಾ ಇವಳ," ಅಂದರು. "ಊರು ಮೂಲೇಲಿ ಕೂತಿರೋದು ಹೊಸಾ ವಿಷ್ಯಾನಾ!" ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗೌರಕ್ಕ ಅವತ್ತು ಸಂಜೆ ಎಲ್ಲರಿಗೂ ಪುಕ್ಕಟೆ ಇಡ್ಲಿ ಹಾಕಿದಳು. ಮುದ್ದುರಂಗ ನನ್ನ ಕಾಲು ಮುಟ್ಟಲು ಬಂದ, ಬೈದು ಕಳಿಸಿದೆ. ನನಗೂ ಒಳಗೊಳಗೆ ಹೆಮ್ಮೆಯೇ. ಅಪ್ಪನಿಗೆ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು.

ಶುಕ್ರವಾರ ಬೆಳಗಿನ ಬಸ್ಸು ಬರಲಿಲ್ಲ. ಕೆಟ್ಟಿರಬೇಕು ಅಂದುಕೊಂಡೆವು. ಮಧ್ಯಾಹ್ನದ್ದೂ ಬರಲಿಲ್ಲ. ದೊಡ್ಡ ರಸ್ತೆಯಿಂದ ನಮ್ಮೂರಿಗೆ ತಿರುಗುವ ಕಡೆ ಒಂದು ಹುಣಸೆಮರವಿದೆ, ಅಲ್ಲಿ ಹೋಗಿ ನೋಡಿ ಬರುತ್ತೇವೆ ಎಂದು ನಾಲ್ಕು ಗಂಡಸರು ಹೊರಟರು. ಮರ ಇನ್ನೂ ನಲವತ್ತು ಹೆಜ್ಜೆ ದೂರವಿದೆ ಅನ್ನುವಾಗ ಹಿಂದಕ್ಕೆ ಬಂದರು. ಯಾಕೆ ಎಂದು ಕೇಳಿದೆವು. "ಎದೆ ಹೊಡ್ಕಣಾಕೆ ಶುರುವಾಯ್ತು," ಎಂದ ಒಬ್ಬ. "ಯಾರಾದ್ರೂ ನೋಡ್ಬುಟ್ರೆ ಅನ್ನುಸ್ತು." ಯಾರು ನೋಡಿದರೆ, ಏನಾಗುತ್ತದೆ ಎಂದು ಕೇಳಿದರೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನೇ ಹೋದೆ. ನನ್ನ ಕಾಲು ಕೂಡ ಅದೇ ಜಾಗದಲ್ಲಿ ನಿಂತಿತು. ನಾಯಿ ಅಟ್ಟಿಸಿಕೊಂಡು ಬಂದ ಬೆಕ್ಕು ಹಿತ್ತಿಲ ಸಂದಿಯಲ್ಲಿ ಕೂತು ಹೊರಗೆ ನೋಡುತ್ತದಲ್ಲ, ಹಾಗೆ ಲಂಟಾನ ಪೊದೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ರಸ್ತೆ ನೋಡಿದೆ. ಬಸ್ಸು ಬಂತು. ಡ್ರೈವರು ದಿನವೂ ನಮ್ಮೂರಲ್ಲಿ ನಾನು ಬೋರ್ಡು ಬರೆದ ಅಂಗಡಿಯಲ್ಲೇ ಬೀಡಿ ಕೊಳ್ಳುತ್ತಿದ್ದವನು. ನಮ್ಮೂರಿನ ತಿರುವಿನ ಕಡೆ ಅವನು ಕಣ್ಣು ಹಾಯಿಸಿದ, ಬರೀ ಪೊದೆ ಕಂಡವನ ಹಾಗೆ ಮುಂದೆ ಹೋದ. ಕೂಗಬೇಕು ಅಂದುಕೊಂಡೆ. ನನ್ನ ಕೈ ತಾನಾಗಿ ಬಂದು ನನ್ನ ಬಾಯಿ ಮುಚ್ಚಿತು.

ಯಾರೂ ನಮ್ಮನ್ನು ಕಟ್ಟಿಹಾಕಿಲ್ಲ. ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಬೇಲಿ ಇಲ್ಲ, ಬೀಗ ಇಲ್ಲ. ನಾವೇ ಅಡಗಿ ಕೂತಿದ್ದೇವೆ.

ಶನಿವಾರ ಹನ್ನೊಂದೂವರೆಗೆ ದೇವೀರಿ ಬಂದಳು. ಮುದ್ದುರಂಗ ಹೊಸ ಅಂಗಿ ಹಾಕಿಕೊಂಡು ಬೆಳಿಗ್ಗೆಯಿಂದ ಪೊದೆಯ ಹಿಂದೆ ಕೂತಿದ್ದ, ನಾನು ಅವನ ಪಕ್ಕದಲ್ಲಿದ್ದೆ. ಇವನು ಕಾಗದದಲ್ಲಿ ಬರೆದಿದ್ದ ಹುಣಸೆಮರದ ಗುರುತು ನೋಡಿ ಬಸ್ಸಿನಿಂದ ಒಂದು ಕೈಯಲ್ಲಿ ಹಸಿರು ಬ್ಯಾಗು, ಇನ್ನೊಂದು ಕೈ ಸೊಂಟದ ಮೇಲೆ ಇಟ್ಟುಕೊಂಡು ನಿಧಾನಕ್ಕೆ ಇಳಿದಳು. ಕಂಡಕ್ಟರನಿಗೆ ಏನೋ ಕೇಳಿದಳು. ಅವನು ಸುತ್ತ ನೋಡಿ ತಲೆಯಾಡಿಸಿದ. ಬಸ್ಸು ಹೋಯಿತು. ಅವಳು ಹುಣಸೆಮರದ ಬೇರಿನ ಮೇಲೆ ಕೂತಳು. ನಮ್ಮಿಂದ ನಲವತ್ತೇ ಹೆಜ್ಜೆ. ಅವಳ ಹಣೆಯ ಬೆವರು ನಮಗೆ ಕಾಣುತ್ತಿತ್ತು. ಮುದ್ದುರಂಗ ಎದ್ದು ನಿಲ್ಲಲು ನೋಡಿದ, ಮೊಣಕಾಲು ಮಡಿಸಿಕೊಂಡಿತು. ಹೆಸರು ಕೂಗಲು ನೋಡಿದ. ಬಂದದ್ದು ಪಿಸುಮಾತು. ನನಗೇ ಸರಿಯಾಗಿ ಕೇಳಿಸಲಿಲ್ಲ. ಅವಳು ಒಮ್ಮೆ ನೇರವಾಗಿ ನಮ್ಮ ಕಡೆ ನೋಡಿದಳು. ಖಾಲಿ ಬಯಲು ನೋಡುವ ಹಾಗೆ ನೋಡಿದಳು. ಆಗ ಅವನು ಏನು ಮಾಡಿದ ಗೊತ್ತೇ, ಸೆಟೆದುಕೊಂಡಿದ್ದ ಮೈಯನ್ನು ಎಳೆದುಕೊಂಡು ಹಿಂದಕ್ಕೆ ತೆವಳಿ, ನಮ್ಮೂರಿನ ಕೊನೆಯ ಕಂಬ ಹತ್ತಿದ. ಮೇಲೆ ಹತ್ತುವುದಕ್ಕೆ ಅವನಿಗೆ ಭಯವಿರಲಿಲ್ಲ. ತುದಿಯಲ್ಲಿ ತಂತಿ ಹಿಡಿದು ಅವಳನ್ನು ನೋಡುತ್ತ ನಿಂತ. ನಾಲ್ಕು ಗಂಟೆಯ ಬಸ್ಸಿಗೆ ಅವಳು ಹಿಂದಕ್ಕೆ ಹೋದಳು. ಕಣ್ಣು ಒರೆಸಿಕೊಳ್ಳಲಿಲ್ಲ, ಬ್ಯಾಗಿನ ಧೂಳು ಒರೆಸಿಕೊಂಡಳು.

ಮುಂದಿನ ಶನಿವಾರವೂ ಬಂದಳು. ಅದರ ಮುಂದಿನ ಶನಿವಾರ ಅಣ್ಣನನ್ನು ಕರೆದುಕೊಂಡು ಬಂದಳು. ಅವನ ಮಾತು ನಮಗೆ ಸ್ಪಷ್ಟವಾಗಿ ಕೇಳಿಸಿತು. "ಊರಿದ್ರೆ ತಾನೆ ಕಾಣಾದು? ಸುಳ್ಳು ಊರಿನ ಹೆಸ್ರು ಹೇಳ್ಬುಟ್ಟು ಓಡೋಗವ್ನೆ. ನಾನ್ ಅವತ್ತೇ ಹೇಳ್ಲಿಲ್ವಾ?" ಅವಳು ಬ್ಯಾಗು ಕೆಳಗಿಟ್ಟು ಬೇರಿನ ಮೇಲೆ ಕೂತಳು. ಕಂಬದ ಮೇಲಿದ್ದವನು ಹಣೆಯನ್ನು ಕಂಬಕ್ಕೆ ಒತ್ತಿಕೊಂಡ. ಆಮೇಲೆ ಎರಡು ತಿಂಗಳು ಅವಳು ಬರಲಿಲ್ಲ. ಬಂದಾಗ ತೋಳಲ್ಲಿ, ಸೆರಗಿನೊಳಗೆ ಮಗುವಿತ್ತು. ಅಂದಿನಿಂದ ಮತ್ತೆ ಪ್ರತಿ ಶನಿವಾರ ಬರುತ್ತಾಳೆ.

ಈಗ ಊರು ಹೇಗಿದೆ ಎಂದರೆ, ಬದುಕುತ್ತಿದೆ. ಭತ್ತವಿದೆ, ಷಣ್ಮುಖಪ್ಪನವರ ಗಿರಣಿ ಓಡುತ್ತದೆ. ಎಲ್ಲರೂ ಮೆತ್ತಗೆ ಮಾತಾಡುತ್ತಾರೆ, ಮಕ್ಕಳು ಸದ್ದಿಲ್ಲದ ಆಟಗಳನ್ನು ಕಟ್ಟಿಕೊಂಡಿವೆ. ಅಡುಗೆಯ ಉಪ್ಪು ಮುಗಿದು ಬಹಳ ದಿನವಾಯಿತು. ಗೋಡೆಯ ಮೇಲೆ ಬೇಕಾದಷ್ಟಿದೆ, ಯಾರೂ ಆ ಕಡೆ ಕೈ ಚಾಚುವುದಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ. ಗೌರಕ್ಕ ಒಂದು ಸಲ ಸಪ್ಪೆ ಇಡ್ಲಿ ಕೊಡುತ್ತ ಮಾತ್ರ ಅಂದಳು, "ನಮ್ ಹೆಸ್ರುಗಳ್ನ ಕೂಗಿ ಕೇಳ್ದೆಯಲ್ಲ, ಅವತ್ತೇ ನಾವೆಲ್ಲ ಅವಿತ್ಕಂಡಿದ್ವಿ ಕಣೆ. ನೀನ್ ಬರ್ದಿದ್ದು ಆಮೇಲೆ." ಅವಳು ನನ್ನ ಸಮಾಧಾನಕ್ಕೆ ಹೇಳಿದಳೋ ಹೇಗೋ. ಮುಂದಿನ ಚಳಿ ಕಳೆದ ಮೇಲೆ ಗೋಡೆಗೆ ಹೊಸ ಪದ ಬರುತ್ತದೆ. ಹೊರಗೆ ಬಾ ಎನ್ನುವ ಅರ್ಥದ ಪದವೇನಾದರೂ ಬಂದರೆ ಊರಿನ ಹೆಸರು ಬರೆಯುತ್ತೇನೆ. ಬೇರೆ ಏನಾದರೂ ಬಂದರೆ ಯಾರ ಹೆಸರು ಬರೆಯುತ್ತೇನೋ, ಅದನ್ನು ಈಗ ಹೇಳಿ ದೊಡ್ಡವಳಾಗುವುದು ಬೇಡ. ಕುಂಚ ಎತ್ತಿದಾಗ ತಿಳಿಯುತ್ತದೆ.

ನಮ್ಮಿಂದ ಹೊರಗೆ ಹೋಗುವುದು ಒಂದೇ, ಹಳ್ಳದ ನೀರು. ಅದಕ್ಕೆ ಭಯವಿಲ್ಲ, ದೊಡ್ಡ ರಸ್ತೆಯ ಸೇತುವೆಯ ಕೆಳಗೆ ಹಾದು ನಿಮ್ಮ ಕಡೆ ಬರುತ್ತದೆ. ಈ ಹಾಳೆಗಳನ್ನು ಖಾಲಿ ಪೇಂಟ್ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ಮೇಣ ಮೆತ್ತಿ ನೀರಿಗೆ ಬಿಡುತ್ತಿದ್ದೇನೆ. ಊರಿನ ಹೆಸರು ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಬೆರಳು ಹಿಂದೆ ಸರಿಯಿತು. ಆದ್ದರಿಂದ ನಮ್ಮನ್ನು ಹುಡುಕಿ ಎಂದು ಕೇಳುತ್ತಿಲ್ಲ. ಡಬ್ಬಿ ಸಿಕ್ಕ ಜಾಗದಿಂದ ಹಳ್ಳದ ಗುಂಟ ಮೇಲಕ್ಕೆ ನಡೆದರೆ ಸೇತುವೆ ಸಿಗುತ್ತದೆ, ಸೇತುವೆ ದಾಟಿದರೆ ಹುಣಸೆಮರ. ಶನಿವಾರ ಹನ್ನೊಂದೂವರೆ ಬಸ್ಸಿಗೆ ಹಸಿರು ಬ್ಯಾಗು ಹಿಡಿದ ಒಬ್ಬಳು ಅಲ್ಲಿ ಇಳಿಯುತ್ತಾಳೆ. ಅವಳಿಗೆ ಹೇಳಿ, ಅವನು ಓಡಿಹೋಗಿಲ್ಲ. ಎದುರಿಗೇ ಇದ್ದಾನೆ, ಕಂಬದ ಮೇಲೆ. ಏನೂ ಕಾಣದಿದ್ದರೂ ಪರವಾಗಿಲ್ಲ, ಲಂಟಾನ ಪೊದೆಯ ಕಡೆ ತಿರುಗಿ ಮಗುವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ. ಸೆರಗು ಅಡ್ಡ ಬಂದು ಅವನಿಗೆ ಇನ್ನೂ ಮುಖ ಕಂಡಿಲ್ಲ.